ದ್ರಾಸ್‌ನಲ್ಲಿ ಸುಟ್ಟ ರೋಲು, ದಿಲ್ಲಿಯಲ್ಲಿ ಮುಗಿದ ಲೆಕ್ಕ

ಪಲ್ಟನ್ನಿನಲ್ಲಿ ಯಾರೂ ಕೇಳಿ ಪಡೆಯದ ಕೆಲಸವೊಂದಿದೆ, ಇಂಪ್ರೆಸ್ಟ್ ಹೋಲ್ಡರ್. ಅದಕ್ಕೆ ಬೇರೆ ಸಂಬಳವಿಲ್ಲ, ಹೆಗಲಿಗೆ ಹೆಚ್ಚಿನ ನಕ್ಷತ್ರವೂ ಇಲ್ಲ. ಖಜಾನೆಯಿಂದಲೋ ಸ್ಟೇಟ್ ಬ್ಯಾಂಕಿನಿಂದಲೋ ಸರ್ಕಾರದ ನಗದು ತರಿಸಿ, ಜವಾನರ ಕೈಗೆ ಎಣಿಸಿ ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಂಡು, ತಿಂಗಳ ಕೊನೆಗೆ ಲೆಕ್ಕ ಕಳಿಸಬೇಕು. ಬೇಡ ಎನ್ನಲು ಬಾಯಿ ಬಾರದ ಕಿರಿಯ ಅಧಿಕಾರಿ ಯಾರಿದ್ದಾನೆ ನೋಡಿ ಅವನ ತಲೆಗೆ ಕಟ್ಟುತ್ತಾರೆ. 1999ರಲ್ಲಿ ಆ ತಲೆ ನನ್ನದು. ಅರಸೀಕೆರೆ ಕಡೆಯವನು, ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಿಂದ ಶಾರ್ಟ್ ಸರ್ವಿಸ್ ಕಮಿಷನ್ ಪಡೆದವನು, ಓದಿದ್ದು ಬಿ.ಕಾಂ. ‘ಕಾಮರ್ಸ್ ಓದಿದ್ದೀಯಲ್ಲ’ ಎಂದರು ಪಲ್ಟನ್ನಿನ ಮುಖ್ಯಸ್ಥರಾದ ಸಿ.ಒ. ಸಾಹೇಬರು. ಆಯ್ಕೆ ಅಷ್ಟಕ್ಕೇ ಮುಗಿಯಿತು.

ಈಗ ಸಂಬಳ ನೇರ ಬ್ಯಾಂಕಿಗೆ ಬೀಳುವುದರಿಂದ ಆಗಿನ ಪದ್ಧತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ಜವಾನನ ಹೆಸರಿನಲ್ಲೂ ಪೇ ಅಕೌಂಟ್ಸ್ ಆಫೀಸಿನಲ್ಲಿ ಒಂದು ಚಾಲ್ತಿ ಖಾತೆ ಇರುತ್ತದೆ, ಐ.ಆರ್.ಎಲ್.ಎ. ಎನ್ನುತ್ತಾರೆ. ಸಂಬಳ, ಭತ್ಯೆ ಅಲ್ಲಿ ಜಮಾ ಆಗುತ್ತವೆ. ಪಲ್ಟನ್ನಿನಲ್ಲಿ ನಾವು ಕೊಡುವ ನಗದು ಅದರಲ್ಲಿ ಖರ್ಚು ಬೀಳುತ್ತದೆ. ಇವೆರಡರ ನಡುವಿನ ಕೊಂಡಿಯೇ ಅಕ್ವಿಟೆನ್ಸ್ ರೋಲ್, ನಮ್ಮ ಕಡೆಯ ಮಾತಿನಲ್ಲಿ ಬಟವಾಡೆ ಪಟ್ಟಿ. ನಂಬರು, ರ್‍ಯಾಂಕು, ಹೆಸರು, ಮೊತ್ತ, ಎದುರಿಗೆ ಜವಾನನ ಸಹಿ, ಕೊನೆಗೆ ಹಂಚಿದ ಅಧಿಕಾರಿಯ ಸಹಿ. ಆ ರೋಲು ಪೇ ಆಫೀಸಿಗೆ ತಲುಪಿದರೆ ಹಣ ನನ್ನ ತಲೆಯಿಂದ ಇಳಿದು ಜವಾನನ ಖಾತೆಗೆ ಹೋಗುತ್ತದೆ. ತಲುಪದಿದ್ದರೆ ಅಷ್ಟೂ ಹಣ ಇನ್ನೂ ನನ್ನ ಬಳಿಯೇ ಇದೆ ಎಂದು ಲೆಕ್ಕ. ಕೊಟ್ಟೆ ಎಂದು ಬಾಯಲ್ಲಿ ಹೇಳಿದರೆ ಯಾವ ಆಡಿಟರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಾಕಿಕೊಳ್ಳಲೂಬಾರದು, ಅವನು ಕೂತಿರುವುದೇ ಅದಕ್ಕೆ.

ಆ ಮೇ ತಿಂಗಳಲ್ಲಿ ನಾವು ಕಾಶ್ಮೀರ ಕಣಿವೆಯಲ್ಲಿದ್ದೆವು. ಮೇ 9ರಂದು ಕಾರ್ಗಿಲ್‌ನ ಮದ್ದುಗುಂಡಿನ ಉಗ್ರಾಣಕ್ಕೆ ಪಾಕಿಸ್ತಾನದ ಶೆಲ್ ಬಿದ್ದು ಸ್ಫೋಟಗೊಂಡ ಸುದ್ದಿ ಬಂದಾಗಲೂ ಇದು ಯುದ್ಧ ಎಂದು ಯಾರಿಗೂ ಅನ್ನಿಸಿರಲಿಲ್ಲ. ತಿಂಗಳು ಮುಗಿಯುವುದರೊಳಗೆ ಆಜ್ಞೆ ಬಂತು, ಜೋಜಿ ಲಾ ದಾಟಿ ದ್ರಾಸ್ ಕಡೆಗೆ ಹೊರಟೆವು. ಶ್ರೀನಗರ–ಲೇಹ್ ಹೆದ್ದಾರಿ ಮೇಲಿನ ಶಿಖರಗಳಲ್ಲಿ ಕೂತಿದ್ದವರ ಕಣ್ಣಳತೆಯಲ್ಲೇ ಇತ್ತು. ಗಾಡಿಗಳು ರಾತ್ರಿ, ಹೆಡ್‌ಲೈಟ್ ಆರಿಸಿಕೊಂಡು ಚಲಿಸುತ್ತಿದ್ದವು.

ಕಂಪನಿಗಳು ಮೇಲೆ ಹತ್ತುವ ಮೊದಲು ಎಲ್ಲರಿಗೂ ಎರಡೆರಡು ಸಾವಿರ ಮುಂಗಡ ಕೊಡುವುದೆಂದು ತೀರ್ಮಾನವಾಯಿತು. ಹದಿನೈದು ಸಾವಿರ ಅಡಿ ಎತ್ತರದಲ್ಲಿ ದುಡ್ಡು ಯಾಕೆ ಎಂದು ಕೇಳಬಹುದು. ಮೇಲಕ್ಕೆ ಒಯ್ಯಲು ಅಲ್ಲ, ಮನೆಗೆ ಕಳಿಸಲು. ಜೂನ್ ತಿಂಗಳು, ದೇಶದ ಅರ್ಧ ಊರುಗಳಲ್ಲಿ ಬಿತ್ತನೆ. ಬಟವಾಡೆಯ ಪಕ್ಕದಲ್ಲೇ ಫೀಲ್ಡ್ ಪೋಸ್ಟ್ ಆಫೀಸಿನವನು ಮೇಜು ಹಾಕಿಕೊಂಡು ಕೂತ. ಹೆಡ್ ಕ್ಲರ್ಕ್ ಸುಬೇದಾರ್ ಸಾಬ್ ಹೆಸರು ಕೂಗುವುದು, ನಾನು ಎಣಿಸುವುದು, ಜವಾನ ಸಹಿ ಹಾಕಿ ಎರಡು ಹೆಜ್ಜೆ ಆಚೆಗೆ ಹೋಗಿ ಮನಿಯಾರ್ಡರ್ ಫಾರಂ ಕೇಳುವುದು. ಮೆಸ್ ಟಿನ್ನಿನ ಬೆನ್ನಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದರು. ನಮ್ಮಲ್ಲಿ ಕನ್ನಡದ ಹುಡುಗರು ಕೆಲವರಿದ್ದರು. ವಿಳಾಸ ಇಂಗ್ಲಿಷಿನಲ್ಲಿ ಬರೆದುಕೊಡಿ ಸಾಬ್ ಎಂದು ನನ್ನ ಹತ್ತಿರ ಬಂದರು, ಕೆಳಗಿನ ಕೂಪನ್ನಿನಲ್ಲಿ ಮನೆಯವರಿಗೆ ಬರೆಯುವ ಎರಡು ಸಾಲು ಮಾತ್ರ ತಾವೇ ಕನ್ನಡದಲ್ಲಿ ಬರೆದರು.

ರೋಲುಗಳು ಸಿದ್ಧವಾದವು. ಆದರೆ ರಸ್ತೆ ಮುಚ್ಚಿ ಡಾಕ್ ಹೋಗಲಿಲ್ಲ. ಆಫೀಸು ಎಂದರೆ ಮರಳು ಚೀಲ ಪೇರಿಸಿ ಮೇಲೆ ತಗಡು ಹಾಸಿದ ಒಂದು ಬಂಕರ್. ಅದರಲ್ಲಿ ಹಣದ ಉಕ್ಕಿನ ಪೆಟ್ಟಿಗೆ, ಕಾಗದದ ಮರದ ಪೆಟ್ಟಿಗೆ, ಟೈಪ್‌ರೈಟರ್, ಚಳಿ ಕಾಯಿಸುವ ಬುಖಾರಿ ಒಲೆ, ಬುಖಾರಿಗೆ ಸೀಮೆಎಣ್ಣೆ ತುಂಬಿದ ಜೆರಿಕ್ಯಾನ್. ಒಂದು ರಾತ್ರಿ ಶೆಲ್ ಬಂಕರಿನ ಬಾಗಿಲಿಗೇ ಬಂದು ಬಿತ್ತು. ಯಾರೂ ಸಾಯಲಿಲ್ಲ, ಒಬ್ಬ ಕ್ಲರ್ಕ್‌ನ ಕೈ ಸುಟ್ಟಿತು. ಜೆರಿಕ್ಯಾನ್ ಹತ್ತಿಕೊಂಡು ಒಳಗಿದ್ದುದೆಲ್ಲ ಬೆಳಗಿನವರೆಗೆ ಉರಿಯಿತು. ಮರದ ಪೆಟ್ಟಿಗೆಯಿದ್ದ ಜಾಗದಲ್ಲಿ ಬೂದಿ ಮತ್ತು ಕಬ್ಬಿಣದ ಬಿಜಾಗರಿಗಳು. ರೋಲುಗಳ ಮೂಲ, ಕಾರ್ಬನ್ ಪ್ರತಿ, ಕ್ಯಾಶ್ ಬುಕ್ ಎಲ್ಲವೂ ಅದರಲ್ಲೇ ಇದ್ದವು. ಉಕ್ಕಿನ ಪೆಟ್ಟಿಗೆ ಮುಚ್ಚಿದ್ದರೂ ಒಳಗೆ ನೋಟಿನ ಕಟ್ಟುಗಳು ಬೆಂದುಹೋಗಿದ್ದವು. ಅಂಚು ಕಪ್ಪು, ನಡುವೆ ಕಂದು, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು.

ಆಮೇಲಿನ ವಾರಗಳಲ್ಲಿ ಲೆಕ್ಕದ ಬಗ್ಗೆ ಯೋಚಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಆ ರೋಲಿನಲ್ಲಿ ಸಹಿ ಹಾಕಿದ್ದ ಕೆಲವರು ಮೇಲಿಂದ ಕೆಳಗೆ ಬರಲಿಲ್ಲ. ಜುಲೈ 26ಕ್ಕೆ ಯುದ್ಧ ಮುಗಿಯಿತು.

ಕೋರ್ಟ್ ಆಫ್ ಎನ್‌ಕ್ವೈರಿ, ಅಂದರೆ ಸೇನೆಯೊಳಗಿನ ವಿಚಾರಣಾ ಮಂಡಳಿ, ಕೂತಿತು. ಒಬ್ಬ ಮೇಜರ್ ಅಧ್ಯಕ್ಷರು, ಇಬ್ಬರು ಸದಸ್ಯರು. ಅದಕ್ಕೆ ಕೊಟ್ಟ ವಿಷಯ ‘ಶತ್ರುವಿನ ಶೆಲ್ ದಾಳಿಯಲ್ಲಿ ಸರ್ಕಾರಿ ನಗದು ಹಾನಿಗೊಂಡ ಸಂದರ್ಭ’ ಎಂಬುದು ಮಾತ್ರ. ರೋಲುಗಳ ವಿಚಾರ ಅದರಲ್ಲಿರಲಿಲ್ಲ. ನಾನು ಎತ್ತಿದೆ. ‘ಅದು ಲೆಕ್ಕದ ವಿಷಯ, ಡೂಪ್ಲಿಕೇಟ್ ಮಾಡಿಕೊಂಡರಾಯಿತು’ ಎಂದರು. ತೀರ್ಪು ನನ್ನ ಪರವೇ ಬಂತು. ಶತ್ರು ಕಾರ್ಯಾಚರಣೆಯಿಂದಾದ ನಷ್ಟ, ಯಾರ ತಪ್ಪೂ ಇಲ್ಲ. ಎಲ್ಲರೂ ಕೈಕುಲುಕಿದರು. ರೋಲುಗಳ ಬಗ್ಗೆ ಒಂದು ಸಾಲು ಅದರಲ್ಲಿ ಸೇರಿದ್ದರೆ ಮುಂದಿನ ಎಂಟು ವರ್ಷದ ಕಥೆಯೇ ಇರುತ್ತಿರಲಿಲ್ಲ.

ಸುಟ್ಟ ನೋಟುಗಳ ಕೆಲಸ ಮೊದಲು ಮುಗಿಯಿತು. ಸುಟ್ಟು ಮುರುಕಲಾದ ನೋಟನ್ನು ಮಾಮೂಲಿ ಬ್ಯಾಂಕು ಮುಟ್ಟುವುದಿಲ್ಲ, ರಿಸರ್ವ್ ಬ್ಯಾಂಕಿನ ಇಶ್ಯೂ ಆಫೀಸಿಗೇ ಹೋಗಬೇಕು. ನಾವು ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ ಹಾಸಿ, ಕಟ್ಟುಗಳನ್ನು ಬಿಡಿಸದೆ ಹಾಗೇ ಇಟ್ಟುಕೊಂಡು, ಜೀಪು ಕುಲುಕದ ಹಾಗೆ ಮಡಿಲಲ್ಲಿ ಹಿಡಿದುಕೊಂಡು ಹೋದೆವು. ಅಲ್ಲಿನ ಅಧಿಕಾರಿ ಗಾಜಿನ ಮೇಲೆ ಒಂದೊಂದನ್ನೇ ಇಕ್ಕಳದಿಂದ ಬಿಡಿಸಿ, ನಂಬರು ಓದಿ, ಉಳಿದ ಭಾಗ ಎಷ್ಟು ಎಂದು ಅಳೆದರು. ಇಡೀ ಹೊತ್ತು ಅವರು ಫ್ಯಾನ್ ಹಾಕಿಸಲಿಲ್ಲ. ಕೆಲವಕ್ಕೆ ಬೆಲೆ ಸಿಕ್ಕಿತು, ಕೆಲವಕ್ಕೆ ಸಿಗಲಿಲ್ಲ. ಸಿಗದ ಮೊತ್ತವನ್ನು ನಷ್ಟದ ಪಟ್ಟಿಯಲ್ಲಿ ಸೇರಿಸಿದೆವು. ಇಡೀ ವ್ಯವಹಾರದಲ್ಲಿ ಒಬ್ಬ ಸರ್ಕಾರಿ ನೌಕರ ನನ್ನ ಹೇಳಿಕೆಗಿಂತ ಕಣ್ಣೆದುರಿನ ವಸ್ತುವನ್ನು ನೋಡಿ ತೀರ್ಮಾನಿಸಿದ್ದು ಅಲ್ಲಿ ಮಾತ್ರ.

2000ರಲ್ಲಿ ಲೆಕ್ಕಪತ್ರ ಕಚೇರಿಯಿಂದ ಆಕ್ಷೇಪಣೆ ಬಂತು. ಮೂಲ ರೋಲುಗಳಿಲ್ಲದ ಕಾರಣ ಸುಮಾರು ಮೂರೂಮುಕ್ಕಾಲು ಲಕ್ಷ ರೂಪಾಯಿಯ ಖರ್ಚನ್ನು ಒಪ್ಪಲಾಗದು, ಸಂಬಂಧಪಟ್ಟ ಅಧಿಕಾರಿಯಿಂದ ವಸೂಲಿಗೆ ಕ್ರಮ ಕೈಗೊಳ್ಳುವುದು. ಆಗ ಕ್ಯಾಪ್ಟನ್ನನ ಮೂಲವೇತನ ಹತ್ತು ಸಾವಿರದ ಆಸುಪಾಸು. ಮದುವೆ ಗೊತ್ತಾಗಿತ್ತು.

ಡೂಪ್ಲಿಕೇಟ್ ರೋಲು ಮಾಡುವುದು ಮಾತಿನಲ್ಲಿ ಸುಲಭ. ಅಷ್ಟರಲ್ಲಿ ಜವಾನರು ಚದುರಿಹೋಗಿದ್ದರು. ಕೆಲವರು ಆಸ್ಪತ್ರೆಯಲ್ಲಿ, ಕೆಲವರು ರಜೆಯಲ್ಲಿ, ಕೆಲವರು ಬೇರೆ ಕಡೆ ಪೋಸ್ಟಿಂಗ್, ಕಾಲು ಕಳೆದುಕೊಂಡ ಕೆಲವರು ಮೆಡಿಕಲ್ ಬೋರ್ಡ್ ಆಗಿ ಊರಿಗೆ. ಒಬ್ಬೊಬ್ಬರ ಬಳಿಯೂ ಇಂಥ ತಿಂಗಳು ಇಷ್ಟು ಮುಂಗಡ ಪಡೆದಿದ್ದೇನೆ, ಮೂಲ ರೋಲು ಶತ್ರುದಾಳಿಯಲ್ಲಿ ನಾಶವಾದ ಕಾರಣ ಮತ್ತೆ ಸಹಿ ಹಾಕುತ್ತಿದ್ದೇನೆ ಎಂಬ ಒಕ್ಕಣೆಗೆ ಸಹಿ ಹಾಕಿಸಬೇಕು. ‘ಮತ್ತೆ ಸಹಿ ಹಾಕಿದರೆ ಮತ್ತೆ ದುಡ್ಡು ಕೊಡ್ತೀರಾ ಸಾಬ್?’ ಎಂದು ಒಬ್ಬ ನಕ್ಕ. ಇನ್ನೊಬ್ಬ, ತಲೆಗೆ ಪೆಟ್ಟಾಗಿದ್ದವನು, ಫಾರಂ ತುಂಬ ಹೊತ್ತು ನೋಡಿ ‘ನನಗೆ ಆ ತಿಂಗಳೇ ನೆನಪಿಲ್ಲ ಸಾಬ್, ನೀವು ಕೊಟ್ಟೆ ಅಂದರೆ ಕೊಟ್ಟಿರ್ತೀರಿ’ ಎಂದು ಹೇಳಿ ಸಹಿ ಹಾಕಿದ. ಆ ಸಹಿಯನ್ನು ನಾನು ಸೇರಿಸಲಿಲ್ಲ. ನೆನಪಿಲ್ಲದವನ ಸಹಿಯಿಂದ ಉಳಿದವರ ಸಹಿಯ ಬೆಲೆಯೂ ಹೋಗುತ್ತದೆ ಎಂದು ಹೆಡ್ ಕ್ಲರ್ಕ್ ಸಾಬ್ ಹೇಳಿದರು. ಅವನ ಮನಿಯಾರ್ಡರಿನ ದಾಖಲೆ ಬೇರೆ ಕಡೆ ಸಿಗುತ್ತದೆ ಎಂದೂ ಹೇಳಿದರು. ಅನುಭವಸ್ಥರು.

ಬದುಕಿದ್ದವರ ಸಹಿಗಳು ಹೆಚ್ಚುಕಡಿಮೆ ಎಲ್ಲ ಬಂದವು. ಉಳಿದದ್ದು ಸತ್ತವರ ಸಾಲುಗಳು, ಒಟ್ಟು ಮೂವತ್ತು ಸಾವಿರದ ಆಸುಪಾಸು. ಲೆಕ್ಕಪತ್ರ ಕಚೇರಿಯ ವಾದ ಸರಳವಾಗಿತ್ತು. ಒಂದು ರೋಲು ಎಂದರೆ ಒಂದು ವೋಚರ್, ಖರ್ಚಿಗೆ ಪುರಾವೆಯ ಕಾಗದ. ಅದರಲ್ಲಿ ಖಾಲಿ ಸಾಲು ಇದ್ದರೆ ವೋಚರೇ ಅಪೂರ್ಣ, ಅಪೂರ್ಣ ವೋಚರನ್ನು ಅರ್ಧ ಒಪ್ಪಿಕೊಳ್ಳುವ ಪದ್ಧತಿಯಿಲ್ಲ. ಹೀಗಾಗಿ ಸತ್ತವರ ಮೂವತ್ತು ಸಾವಿರಕ್ಕೆ ಬದುಕಿದ್ದವರ ಸುಮಾರು ಮೂರೂವರೆ ಲಕ್ಷವೂ ಸಿಕ್ಕಿಕೊಂಡು ನಿಂತಿತು.

ನಮ್ಮ ಕೈಯಿಂದಲೇ ಆ ಮೂವತ್ತು ಸಾವಿರ ಕಟ್ಟಿ ಕೈತೊಳೆದುಕೊಳ್ಳೋಣ ಎಂದು ನನಗೂ ಅನ್ನಿಸಿತ್ತು, ಮದುವೆಯಾದ ಮೇಲೆ ಹೆಂಡತಿಯೂ ಅದನ್ನೇ ಅಂದಳು. ‘ರೀ, ಹೋಗ್ಲಿ ಬಿಡಿ, ನನ್ನ ಬಳೆ ಇದೆ, ಕಟ್ಟಿ ಬನ್ನಿ.’ ಹೆಡ್ ಕ್ಲರ್ಕ್ ಸಾಬ್ ಬಿಡಲಿಲ್ಲ. ಸ್ವಂತ ದುಡ್ಡು ಕಟ್ಟಿದ ದಿನ ಹಣ ಕಡಿಮೆ ಬಿದ್ದಿತ್ತು ಎಂದು ನೀವೇ ಬರೆದುಕೊಟ್ಟಂತೆ ಸಾಬ್. ಆಮೇಲೆ ಉಳಿದದ್ದನ್ನೂ ಕಟ್ಟಿ ಎನ್ನುತ್ತಾರೆ, ಶಿಸ್ತುಕ್ರಮವನ್ನೂ ಮಾಡುತ್ತಾರೆ. ಇಂಥ ಸ್ಥಿತಿಯಲ್ಲಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಸತ್ತವರಿಗೆ ಹಣ ಕೊಟ್ಟಿದ್ದಕ್ಕೆ ಪುರಾವೆ ಇರಲೇ ಇಲ್ಲ ಎಂದಲ್ಲ. ಅದೇ ದಿನ ಅವರಲ್ಲಿ ಬಹುತೇಕರು ಮನಿಯಾರ್ಡರ್ ಮಾಡಿದ್ದರು, ಫೀಲ್ಡ್ ಪೋಸ್ಟ್ ಆಫೀಸಿನ ದಾಖಲೆಯಲ್ಲಿ ಹೆಸರು, ಮೊತ್ತ, ತಾರೀಖು ಇತ್ತು. ಅದರ ದೃಢೀಕೃತ ಪ್ರತಿಯನ್ನು ಪಡೆದುಕೊಂಡೆವು. ಅದನ್ನು ಒಪ್ಪಿಸಿದರೆ ನಾನು ಪಾರು. ಆದರೆ ಪಾರಾಗುವುದು ಹೇಗೆ? ಹಣ ಸತ್ತವನ ಖಾತೆಗೆ ಖರ್ಚು ಬೀಳುತ್ತದೆ. ಆ ಖಾತೆಗಳನ್ನು ಪೇ ಆಫೀಸು ಆಗಲೇ ಮುಚ್ಚಿ, ಉಳಿದ ಬಾಕಿಯನ್ನು ಮನೆಯವರಿಗೆ ಕಳಿಸಿಯಾಗಿತ್ತು. ಈಗ ಎರಡು ಸಾವಿರ ಖರ್ಚು ಹಾಕಿದರೆ ಆ ಖಾತೆಯಲ್ಲಿ ಡೆಬಿಟ್ ಬ್ಯಾಲೆನ್ಸ್, ಅಂದರೆ ಸತ್ತವನೇ ಸರ್ಕಾರಕ್ಕೆ ಕೊಡಬೇಕಾದ ಬಾಕಿ, ನಿಲ್ಲುತ್ತದೆ. ಅದನ್ನು ಯಾರಿಂದ ವಸೂಲು ಮಾಡುತ್ತಾರೆ? ನನ್ನನ್ನು ಉಳಿಸುವ ಕಾಗದವೇ ಒಬ್ಬ ವಿಧವೆಯ ಮನೆಗೆ ವಸೂಲಿ ಪತ್ರವಾಗಿ ಹೋಗಬಹುದಿತ್ತು.

ಇದನ್ನು ಸತ್ತವರ ಮನೆಯವರನ್ನು ಕೇಳದೆ ಮಾಡಲು ಮನಸ್ಸು ಬರಲಿಲ್ಲ. ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಗೆ ಹೋದೆ. ಆ ಹುಡುಗನ ಮನಿಯಾರ್ಡರಿಗೆ ವಿಳಾಸ ಬರೆದುಕೊಟ್ಟವನು ನಾನೇ ಆದ್ದರಿಂದ ಊರಿನ ಹೆಸರು ಮರೆತಿರಲಿಲ್ಲ. ಅವನ ಅಪ್ಪ ಹೊಲದಿಂದ ಆಗಷ್ಟೇ ಬಂದಿದ್ದರು. ‘ಬರ್ರಿ ಸಾಹೇಬ್ರ, ಒಳಗ ಬರ್ರಿ, ಕುಂಡ್ರಿ’ ಎಂದು ಕಂಬಳಿ ಹಾಸಿದರು. ವಿಷಯ ಹೇಳಿದೆ. ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಕಾಗದಗಳನ್ನು ತಂದರು. ಅವುಗಳ ನಡುವೆ ಆ ಕೂಪನ್ ಇತ್ತು, ಒಂದೂವರೆ ಸಾವಿರದ ಮನಿಯಾರ್ಡರಿನದು. ನೀಲಿ ಬಾಲ್ ಪೆನ್ನಿನಲ್ಲಿ ‘ಹೆಸರು ಬಿತ್ತಾಕ ಬೀಜ ತರ್ರಿ. ಉಳಿದದ್ದು ಮುಂದಿನ ತಿಂಗಳ ಕಳಸ್ತೀನಿ.’

‘ದುಡ್ಡು ಮುಟ್ಟೇತ್ರಿ. ಪೋಸ್ಟಮನ್ ಈ ಕಟ್ಟಿ ಮ್ಯಾಲ ಕುಂತು ಎಣಿಸಿ ಕೊಟ್ಟಾನ. ಮುಟ್ಟಿಲ್ಲಂತ ನಾ ಯಾಂಗ ಅನ್ಲಿ?’ ಎಂದರು. ಎಲ್ಲಿ ಬೇಕಾದರೂ ಹೆಬ್ಬೆಟ್ಟು ಒತ್ತುತ್ತೇನೆ ಎಂದರು. ಹಾಗೆ ಒತ್ತಿದರೆ ಏನಾಗಬಹುದು ಎಂಬುದನ್ನೂ ಹೇಳಿದೆ, ಮುಚ್ಚಿಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ರೊಕ್ಕದ ಮಾತು ಬ್ಯಾರೆ ಐತ್ರಿ, ಎರಡು ಸಾವಿರ ಕೊಡಾಕ ಬರತೈತಿ. ಆದ್ರ ಸರ್ಕಾರದ ಪುಸ್ತಕದಾಗ ನನ್ನ ಮಗ ಸಾಲಗಾರ ಅಂತ ಬರೀತಾರೇನ್ರಿ?’ ಎಂದು ಕೇಳಿದರು. ಇಲ್ಲ ಎನ್ನಲು ನನ್ನ ಬಳಿ ಆಧಾರವಿರಲಿಲ್ಲ. ಹೌದು ಎನ್ನಲು ಬಾಯಿ ಬರಲಿಲ್ಲ. ಕೂಪನ್ನನ್ನು ತಾಲೂಕಿನ ಊರಿಗೆ ಒಯ್ದು ಝೆರಾಕ್ಸ್ ಮಾಡಿಸಿ, ಅದೇ ಸಂಜೆ ಬಸ್ಸಿನಲ್ಲಿ ವಾಪಸ್ ತಂದುಕೊಟ್ಟೆ. ಊಟ ಮಾಡದೆ ಬಿಡಲಿಲ್ಲ.

ಅಲ್ಲಿಂದ ಮುಂದೆ ನನ್ನ ಬೇಡಿಕೆ ಏನಿರಬೇಕು ಎಂಬುದು ಸ್ಪಷ್ಟವಾಯಿತು. ನನ್ನನ್ನು ಬಿಡಿ ಎಂದಷ್ಟೇ ಕೇಳಿದರೆ ಸಾಲದು, ಸತ್ತವರ ಖಾತೆಯಲ್ಲೂ ಬಾಕಿ ನಿಲ್ಲಬಾರದು. ಬರೆಯಲು ಒಂದೇ ಸಾಲು. ಅದನ್ನು ಒಪ್ಪುವ ಕಚೇರಿ ಯಾವುದು ಎಂಬುದೇ ಗೊತ್ತಿರಲಿಲ್ಲ.

2002ರಲ್ಲಿ ಸಂಬಳದಿಂದ ಕಂತುಕಂತಾಗಿ ಹಿಡಿಯಲು ಶುರು ಮಾಡಿದರು. ಸೇನಾ ಕಾನೂನು, 1950ರ ಆರ್ಮಿ ಆ್ಯಕ್ಟ್, ಅಧಿಕಾರಿಯ ಸಂಬಳಕ್ಕೆ ಸುಮ್ಮನೆ ಕೈ ಹಾಕಲು ಬಿಡುವುದಿಲ್ಲ. ಕಾಯಿದೆ ಅನುಮತಿಸಿದ ಕಡಿತವನ್ನು ಮಾತ್ರ ಮಾಡಬಹುದು. ನಷ್ಟಕ್ಕೆ ಇವನೇ ಹೊಣೆ ಎಂದು ಯಾರೋ ವಿಚಾರಣೆ ಮಾಡಿ ನಿರ್ಧರಿಸಿರಬೇಕು. ನನ್ನ ವಿಷಯದಲ್ಲಿ ರೋಲುಗಳ ಬಗ್ಗೆ ವಿಚಾರಣೆಯೇ ಆಗಿರಲಿಲ್ಲ. ಬೆಂಗಳೂರಿನ ವಕೀಲರೊಬ್ಬರು, ಅವರೂ ಹಿಂದೆ ಸೇನೆಯಲ್ಲಿದ್ದವರು, ಕಾಗದಗಳನ್ನು ಓದಿ ಮೊದಲು ಹಿಡಿದದ್ದೇ ಇದನ್ನು. ಒಬ್ಬ ಅಧಿಕಾರಿಯ ಹೆಸರಿಗೆ ಧಕ್ಕೆ ತರುವಂಥ ಕೋರ್ಟ್ ಆಫ್ ಎನ್‌ಕ್ವೈರಿ ನಡೆದರೆ ಅವನು ಉದ್ದಕ್ಕೂ ಹಾಜರಿದ್ದು ಸಾಕ್ಷಿಗಳನ್ನು ಪ್ರಶ್ನಿಸಬಹುದು, ಆರ್ಮಿ ರೂಲ್ಸಿನ 180ನೇ ನಿಯಮ ಆ ಅವಕಾಶ ಕೊಡುತ್ತದೆ. ‘ನಿಮಗೆ ಆ ಅವಕಾಶ ತಪ್ಪಿಸಿದ್ದಾರೆ ಎಂದು ನಾವು ಹೇಳಬೇಕಿಲ್ಲ, ಅವರ ಕಾಗದವೇ ಹೇಳುತ್ತದೆ’ ಎಂದರು. ಹೈಕೋರ್ಟಿಗೆ ರಿಟ್ ಹಾಕುವ ಮೊದಲು ಆರ್ಮಿ ಆ್ಯಕ್ಟಿನ 27ನೇ ಸೆಕ್ಷನ್ನಿನಡಿ ಕೇಂದ್ರ ಸರ್ಕಾರಕ್ಕೇ ದೂರು ಕೊಡಲು ಸಲಹೆ ಮಾಡಿದರು. ಸೈನಿಕರ ಇಂಥ ತಕರಾರುಗಳನ್ನು ಕೇಳುವ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್ ಆಗಿನ್ನೂ ಹುಟ್ಟಿರಲಿಲ್ಲ. ಅದರ ಕಾಯಿದೆ ಬಂದದ್ದು 2007ರಲ್ಲಿ, ಪೀಠಗಳು ಕೆಲಸ ಶುರು ಮಾಡಿದ್ದು 2009ರಲ್ಲಿ.

ಸ್ಟ್ಯಾಚ್ಯುಟರಿ ಕಂಪ್ಲೇಂಟ್ ಎಂಬ ಈ ದೂರು ಒಂದೊಂದೇ ಮೆಟ್ಟಿಲು ಹತ್ತಿ ಹೋಗಬೇಕು. ಪಲ್ಟನ್, ಬ್ರಿಗೇಡ್, ಡಿವಿಜನ್, ಕೋರ್, ಕಮಾಂಡ್, ಸೇನಾ ಮುಖ್ಯ ಕಚೇರಿ, ಕೊನೆಗೆ ರಕ್ಷಣಾ ಸಚಿವಾಲಯ. ಪ್ರತಿ ಮೆಟ್ಟಿಲಲ್ಲೂ ಒಬ್ಬರು ಶಿಫಾರಸು ಬರೆಯಬೇಕು, ಪ್ರತಿ ಮೆಟ್ಟಿಲಲ್ಲೂ ಆ ಅಧಿಕಾರಿಗೆ ವರ್ಗ ಆಗುತ್ತದೆ. ನಾನು ದೂರು ಕೊಟ್ಟದ್ದು 2003ರಲ್ಲಿ, ಸೇವೆಯಲ್ಲಿರುವಾಗಲೇ. 2004ರಲ್ಲಿ ಹತ್ತು ವರ್ಷ ಮುಗಿಸಿ ಹೊರಬಂದೆ. ಬಾಕಿ ಏನೂ ಇಲ್ಲ ಎಂಬ ನೋ ಡಿಮಾಂಡ್ ಸರ್ಟಿಫಿಕೇಟ್ ಸಿಗಲಿಲ್ಲವಾದ್ದರಿಂದ ಗ್ರ್ಯಾಚ್ಯುಟಿಯನ್ನು ತಡೆಹಿಡಿದರು. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಆಡಳಿತ ವಿಭಾಗದ ಕೆಲಸಕ್ಕೆ ಸೇರಿದೆ. ಅಲ್ಲಿ ಪೆಟ್ಟಿ ಕ್ಯಾಶ್ ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ಬೇರೆ ಏನು ಬೇಕಾದರೂ ಮಾಡುತ್ತೇನೆ ಎಂದೆ.

ಕಾಯುವ ಆ ದಿನಗಳಲ್ಲಿ ಬೇರೆ ದೇಶಗಳಲ್ಲಿ ಇಂಥವರಿಗೆ ಏನಾಗುತ್ತಿತ್ತು ಎಂದು ಹುಡುಕಿ ಓದುವ ಚಟ ಹತ್ತಿತು. ಅಮೆರಿಕದವರದು ರಸವತ್ತಾದ ಇತಿಹಾಸ. 1812ರ ಯುದ್ಧದಲ್ಲಿ ನ್ಯೂಯಾರ್ಕಿನ ಗವರ್ನರ್ ಆಗಿದ್ದ ಡೇನಿಯಲ್ ಟಾಂಪ್ಕಿನ್ಸ್, ಶಾಸನಸಭೆ ದುಡ್ಡು ಕೊಡದಿದ್ದಾಗ ಸ್ವಂತ ಹೊಣೆಯ ಮೇಲೆ ಸಾಲ ಎತ್ತಿ ಸೈನಿಕರಿಗೆ ಖರ್ಚು ಮಾಡಿದ. ರಸೀದಿಗಳು ಸರಿಯಾಗಿ ಉಳಿಯಲಿಲ್ಲ. ಯುದ್ಧ ಮುಗಿದ ಮೇಲೆ ರಾಜ್ಯದ ಕಂಟ್ರೋಲರ್ 1,20,000 ಡಾಲರಿಗೆ ಲೆಕ್ಕ ಸಿಗುತ್ತಿಲ್ಲ ಎಂದ. ತನಗೇ ಸರ್ಕಾರದಿಂದ ಬರಬೇಕು ಎಂದು ಇವನ ವಾದ. ಅಷ್ಟರಲ್ಲಿ ಮನುಷ್ಯ ದೇಶದ ಉಪಾಧ್ಯಕ್ಷನಾಗಿದ್ದ. ಆ ಕುರ್ಚಿಯಲ್ಲಿ ಕೂತೇ ಲೆಕ್ಕದ ಜಗಳ ಆಡಿದ, ಕುಡಿತಕ್ಕೆ ಬಿದ್ದ. ಕಾಂಗ್ರೆಸ್ಸಿನಿಂದ ಒಂದಿಷ್ಟು ಪರಿಹಾರ 1823ರ ಸುಮಾರಿಗೆ ಸಿಕ್ಕಿತು, 1825ರ ಜೂನ್‌ನಲ್ಲಿ ಐವತ್ತನೆಯ ವಯಸ್ಸಿಗೆ ತೀರಿಕೊಂಡ. ಇದನ್ನು ಓದಿದ ರಾತ್ರಿ ಹೆಂಡತಿಗೆ ಹೇಳಿದೆ. ‘ನೀವು ಕುಡಿಯಲ್ಲವಲ್ಲ, ಮಲಗಿ’ ಎಂದಳು.

ಅಲ್ಲಿನ ಸುಪ್ರೀಂ ಕೋರ್ಟ್ 1845ರಲ್ಲಿ ಪ್ರೆಸ್ಕಾಟ್ ಮೊಕದ್ದಮೆಯಲ್ಲಿ, ಸರ್ಕಾರಿ ಹಣ ಕಾಯುವವನಿಂದ ಅದು ಕಳ್ಳತನವಾದರೂ ಅವನೇ ಹೊಣೆ ಎಂದುಬಿಟ್ಟಿತ್ತು. ಅಂತರ್ಯುದ್ಧದಲ್ಲಿ ಸೈನಿಕರಿಗೆ ಸಂಬಳ ಹಂಚುವ ಎಷ್ಟೋ ಪೇಮಾಸ್ಟರುಗಳ ಹಣ, ಕಾಗದಗಳು ಶತ್ರುವಿನ ಕೈಗೆ ಸಿಕ್ಕ ಮೇಲೆ 1866ರಲ್ಲಿ ಒಂದು ಕಾಯಿದೆ ಮಾಡಿದರು. ಕರ್ತವ್ಯದಲ್ಲಿರುವಾಗ, ತನ್ನ ತಪ್ಪಿಲ್ಲದೆ ಸರ್ಕಾರದ ಹಣವನ್ನೋ ವೋಚರನ್ನೋ ಕಳೆದುಕೊಂಡ ಪೇಮಾಸ್ಟರ್ ಕೋರ್ಟ್ ಆಫ್ ಕ್ಲೇಮ್ಸ್‌ಗೆ ಹೋಗಿ ಬಿಡುಗಡೆ ಕೇಳಬಹುದು. ವೋಚರ್ ಎಂಬುದನ್ನು ಹಣದ ಪಕ್ಕದಲ್ಲೇ ಬಿಡದೆ ಬರೆದಿದ್ದರು. ಅದನ್ನು ಓದಿ ನನಗೆ ಹೊಟ್ಟೆಕಿಚ್ಚಾಯಿತು. ಹಾಗಿದ್ದರೂ 1889ರಲ್ಲಿ ಅರಿಜೋನಾದಲ್ಲಿ ಮೇಜರ್ ವ್ಯಾಮ್ ಎಂಬ ಪೇಮಾಸ್ಟರನನ್ನು ಹಾಡಹಗಲೇ ದರೋಡೆ ಮಾಡಿ 28,345 ಡಾಲರ್ ದೋಚಿದಾಗ, ಕಾವಲಿನ ಎಂಟು ಸೈನಿಕರಿಗೆ ಗುಂಡು ತಗುಲಿದ್ದರೂ, ಆ ಹಣಕ್ಕೆ ವ್ಯಾಮನೇ ಹೊಣೆಗಾರನಾಗಿ ಉಳಿದ. ಅವನನ್ನು ಬಿಡಿಸಲು 1891ರಲ್ಲಿ ಕಾಂಗ್ರೆಸ್ ಅವನೊಬ್ಬನಿಗಾಗಿಯೇ ಒಂದು ಕಾಯಿದೆ ಮಾಡಬೇಕಾಯಿತು. ನಮ್ಮಲ್ಲಿ ಆ ಕೆಲಸ ಒಬ್ಬ ಅಂಡರ್ ಸೆಕ್ರೆಟರಿಯ ಸಹಿಯಲ್ಲಿ ಮುಗಿಯುತ್ತದೆ. ಆ ಮಟ್ಟಿಗೆ ನಮ್ಮದೇ ವಾಸಿ.

ಸಹಿ ಹಾಕುವವರ ಮೇಜಿಗೆ ಫೈಲ್ ಹೋಗಬೇಕಷ್ಟೆ. ಅದು ಎಲ್ಲಿದೆ ಎಂದು ತಿಳಿದದ್ದು ಮಾಹಿತಿ ಹಕ್ಕಿನಿಂದ. ಕಾಯಿದೆ 2005ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ನನ್ನ ದೂರಿನ ಫೈಲಿನ ಟಿಪ್ಪಣಿ ಹಾಳೆಗಳನ್ನು ಕೇಳಿದೆ. ಟಿಪ್ಪಣಿಗಳನ್ನು ಕೊಡಬೇಕೇ ಬೇಡವೇ ಎಂದು 2006ರಲ್ಲಿ ದೇಶದಲ್ಲೇ ದೊಡ್ಡ ಚರ್ಚೆ ನಡೆಯುತ್ತಿತ್ತು. ಮೊದಲು ಇಲ್ಲ ಎಂದರು, ಮೇಲ್ಮನವಿಯಲ್ಲಿ ಕೊಟ್ಟರು. ಹಸಿರು ಹಾಳೆಗಳ ಮಸುಕು ಪ್ರತಿಗಳು. ಅದರಲ್ಲಿ ನನ್ನ ಮೇಲೆ ಯಾರಿಗೂ ಅನುಮಾನವಿರಲಿಲ್ಲ ಎಂಬುದೇ ಆಶ್ಚರ್ಯ. ಅಧಿಕಾರಿ ಹಣ ಹಂಚಿರುವುದು ನಿಜವೆಂದು ತೋರುತ್ತದೆ ಎಂದು ಪ್ರತಿಯೊಬ್ಬರೂ ಬರೆದಿದ್ದರು. ಮುಂದಿನ ಸಾಲಿನಲ್ಲೇ ಪ್ರತಿಯೊಬ್ಬರೂ ಎಡವಿದ್ದರು. ಹಂಚಿದ್ದು ನಿಜವಾದರೆ ಇದು ನಷ್ಟವಲ್ಲ. ನಷ್ಟವಲ್ಲದ್ದನ್ನು ನಷ್ಟವೆಂದು ಲೆಕ್ಕದಿಂದ ತೆಗೆದುಹಾಕಿ ರೈಟ್‌ಆಫ್ ಮಾಡುವುದು ಹೇಗೆ? ಹಂಚಿದ್ದು ನಿಜವಲ್ಲವಾದರೆ ವಸೂಲು ಮಾಡಬೇಕು. ಎರಡರ ನಡುವೆ ಫೈಲ್ ಮಲಗಿತ್ತು.

ಗಂಟು ಬಿಚ್ಚಿದವರು ಮೈಸೂರಿನಲ್ಲಿದ್ದ ಒಬ್ಬ ನಿವೃತ್ತ ಡಿಫೆನ್ಸ್ ಅಕೌಂಟ್ಸ್ ಅಧಿಕಾರಿ. ಹೆಂಡತಿಯ ಸೋದರಮಾವನ ಪರಿಚಯದವರು. ವರಾಂಡದಲ್ಲಿ ಕೂರಿಸಿ, ಕನ್ನಡಕ ಒರೆಸಿಕೊಂಡು ಹಾಳೆಗಳನ್ನೆಲ್ಲ ಓದಿದರು. ‘ನೋಡಪ್ಪ ಕ್ಯಾಪ್ಟನ್, ನೀನು ಒಂದು ಹೆಜ್ಜೆಯಲ್ಲಿ ದಾಟೋಕೆ ಹೊರಟಿದ್ದೀಯ. ಇದು ಎರಡು ಹೆಜ್ಜೆಯ ಹಳ್ಳ. ಮೊದಲು ರೋಲು ಒಪ್ಪಿಕೊಳ್ಳಲಿ, ಸತ್ತವರ ಖಾತೆಗೆ ಖರ್ಚು ಹಾಕಲಿ. ನೀನು ಹೆದರಬೇಡ. ಅಲ್ಲಿಗೆ ನಿನ್ನ ಕಥೆ ಮುಗೀತು. ಆಮೇಲೆ ಆ ಖಾತೆಯಲ್ಲಿ ನಿಲ್ಲೋ ಡೆಬಿಟ್ ಬ್ಯಾಲೆನ್ಸ್ ಇದೆಯಲ್ಲ, ಸತ್ತವರದ್ದು, ವಸೂಲಾಗದ್ದು ಅಂತ ಅದನ್ನ ರೈಟ್‌ಆಫ್ ಮಾಡೋ ಅಧಿಕಾರ ಸರ್ಕಾರಕ್ಕೆ ಇದ್ದೇ ಇದೆ. ಎರಡನ್ನೂ ಒಂದೇ ಆದೇಶದಲ್ಲಿ ಕೇಳು. ಬೇರೆ ಬೇರೆ ಕೇಳಿದರೆ ಮೊದಲನೇದು ಆಗುತ್ತೆ, ಎರಡನೇದು ಮರೆತುಹೋಗುತ್ತೆ.’ ಎದ್ದು ಒಳಗೆ ಹೋಗಿ ಅವರೇ ಪೆನ್ಸಿಲಿನಲ್ಲಿ ಕರಡು ಬರೆದುಕೊಟ್ಟರು. ವಸೂಲಾಗಲೇಬೇಕೆಂದು ಮೂವತ್ತು ವರ್ಷ ಆಕ್ಷೇಪಣೆ ಬರೆದ ಕೈ ಅದು. ಎಲ್ಲಿ ಬಿಡಬಹುದು ಎಂಬುದು ಅದಕ್ಕೇ ಗೊತ್ತಿತ್ತು.

ಆ ಕರಡನ್ನು ಪೂರಕ ಮನವಿಯಾಗಿ ಕಳಿಸಿದೆವು. ಜೊತೆಗೆ ಮನಿಯಾರ್ಡರ್ ದಾಖಲೆ, ಕೂಪನ್ನಿನ ಪ್ರತಿ, ಬಾಗಲಕೋಟೆಯ ಅಪ್ಪನ ಹೆಬ್ಬೆಟ್ಟಿನ ಹೇಳಿಕೆ. ಹೇಳಿಕೆಯ ಕೊನೆಗೆ ಅವರು ಹೇಳಿ ಬರೆಸಿದ ಒಂದು ಸಾಲು ಇತ್ತು. ಹಣ ಮುಟ್ಟಿದೆ, ಮಗನ ಹೆಸರಿನಲ್ಲಿ ಬಾಕಿ ತೋರಿಸಬಾರದಾಗಿ ವಿನಂತಿ.

2007ರಲ್ಲಿ ಆದೇಶ ಬಂತು, ರಾಷ್ಟ್ರಪತಿಗಳ ಹೆಸರಿನಲ್ಲಿ, ಒಂದೂವರೆ ಪುಟ. ಡೂಪ್ಲಿಕೇಟ್ ರೋಲುಗಳನ್ನು ಪೂರಕ ಪುರಾವೆಯೊಂದಿಗೆ ಒಪ್ಪಿಕೊಳ್ಳತಕ್ಕದ್ದು. ಮೃತರ ಖಾತೆಗಳಲ್ಲಿ ಇದರಿಂದ ಉಂಟಾಗುವ ಡೆಬಿಟ್ ಬ್ಯಾಲೆನ್ಸನ್ನು ರೈಟ್‌ಆಫ್ ಮಾಡತಕ್ಕದ್ದು, ವಾರಸುದಾರರಿಂದ ವಸೂಲಿ ಕೂಡದು. ರಿಸರ್ವ್ ಬ್ಯಾಂಕಿನಿಂದ ಬಾರದ ಸುಟ್ಟ ನೋಟಿನ ಮೊತ್ತ ಕಳ್ಳತನ, ವಂಚನೆ, ನಿರ್ಲಕ್ಷ್ಯಗಳಿಂದಾಗದ ನಷ್ಟ. ಹಿಡಿದ ಕಂತುಗಳನ್ನು ಮರಳಿಸಿ ಗ್ರ್ಯಾಚ್ಯುಟಿ ಬಿಡುಗಡೆ ಮಾಡತಕ್ಕದ್ದು. ವಿಷಾದದ ಮಾತಿರಲಿಲ್ಲ, ಹೊಗಳಿಕೆಯೂ ಇರಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಎರಡನೆಯ ಕಂಡಿಕೆಯನ್ನು ಕನ್ನಡಕ್ಕೆ ಇಳಿಸಿ, ಮೂಲದ ಪ್ರತಿಯ ಜೊತೆಗೆ ಬಾಗಲಕೋಟೆಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಸ್ವೀಕೃತಿ ಚೀಟಿ ಹೆಬ್ಬೆಟ್ಟಿನೊಂದಿಗೆ ವಾಪಸ್ ಬಂತು.

ತಡೆಹಿಡಿದ ಹಣಕ್ಕೆ ಬಡ್ಡಿ ಕೇಳಿದೆ, ಅವಕಾಶವಿಲ್ಲ ಎಂದರು. ಕೋರ್ಟಿಗೆ ಹೋಗಿದ್ದರೆ ಸಿಗುತ್ತಿತ್ತೇನೋ, ವಕೀಲರೂ ಹೋಗೋಣ ಎಂದರು. ನನಗೆ ಸಾಕಾಗಿತ್ತು.

ಅದರ ಮರುವರ್ಷ ಪಲ್ಟನ್ನಿನಿಂದ ಒಬ್ಬ ಕ್ಯಾಪ್ಟನ್ ಫೋನ್ ಮಾಡಿದ. ಹೊಸ ಇಂಪ್ರೆಸ್ಟ್ ಹೋಲ್ಡರ್. ರಿಸರ್ವ್ ಬ್ಯಾಂಕ್ ಸುಟ್ಟ ನೋಟಿಗೆ ಕೊಟ್ಟ ಹಣವನ್ನು ಆಗ ತಪ್ಪು ಲೆಕ್ಕಶೀರ್ಷಿಕೆಗೆ ಜಮಾ ಮಾಡಿದ್ದಾರೆ ಎಂದು ಹೊಸ ಆಕ್ಷೇಪಣೆ ಬಂದಿದೆಯಂತೆ, ಮೂಲ ಚಲನ್ ಎಲ್ಲಿರಬಹುದು ಸರ್ ಎಂದು ಕೇಳಿದ. ಕೋರ್ಟ್ ಆಫ್ ಎನ್‌ಕ್ವೈರಿ ಫೈಲಿನ ಕೊನೆಯ ಅನುಬಂಧದಲ್ಲಿ ನೋಡು, ಬಲಗಡೆ ಮೂಲೆಯಲ್ಲಿ ಕಾಫಿ ಕಲೆ ಇರುತ್ತದೆ ಎಂದೆ. ಸಿಕ್ಕಿತು ಎಂದು ಸಂಜೆಗೆ ಮತ್ತೆ ಫೋನ್ ಮಾಡಿದ. ಉತ್ತರ ಬರೆಯುವ ಮೊದಲು ಅದರ ದೃಢೀಕೃತ ಪ್ರತಿ ಮಾಡಿಸಿ ಬೇರೆ ಕಟ್ಟಡದಲ್ಲಿ ಇಡು ಎಂದು ಹೇಳಿದೆ.